ಜೋಳಪ್ಪ ಉಂಡನೇ?

ಹೋದ ವರ್ಷ ಅಕ್ಟೋಬರ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮಿಷಿಗನ್ ರಾಜ್ಯ, ಡೆಟ್ರಾಯಿಟ್ ನಗರದ ಆಚೆಗಿನ ಒಂದು ಸಣ್ಣ ಊರು. ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಬೆಳಗಿನ ಜಾವ ಮೂರು ಗಂಟೆಗೆ ನನಗೆ ಎಚ್ಚರವಾಗುತ್ತಿತ್ತು, ಜೊತೆಗೆ ಭಾರಿ ಹಸಿವು. ಶಿವಮೊಗ್ಗದಲ್ಲಿ ಅದು ಮಧ್ಯಾಹ್ನದ ಊಟದ ಹೊತ್ತು ನೋಡಿ!

ಎರಡನೆಯ ರಾತ್ರಿ ತಿನ್ನಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಾ ಗ್ಯಾರೇಜಿನಲ್ಲಿದ್ದ ಸಣ್ಣ ಫ್ರಿಜ್ಜಿನ ಬಾಗಿಲು ತೆಗೆದೆ. ಮೇಲಿನ ಐಸ್ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಗುಲಾಬಿ ಬಣ್ಣದ, ದೊಡ್ಡ ಗೋಡಂಬಿ ಗಾತ್ರದ ವಸ್ತುಗಳು. ಯಾವುದೋ ಅಮೆರಿಕದ ಮಿಠಾಯಿ ಇರಬೇಕೆಂದು ಕೈಗೆ ತೆಗೆದುಕೊಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನೋಡಿದೆ. ಮಿಠಾಯಿಗೆ ಬಾಲವಿತ್ತು! ಕೂದಲೂ ಬಾರದ, ಕಣ್ಣೂ ತೆರೆಯದ ಇಲಿಮರಿಗಳು!

ಚೀಲವನ್ನು ಇದ್ದಲ್ಲೇ ಇಟ್ಟು, ಸೋಪು ಹಚ್ಚಿ ಮೂರು ಸಲ ಕೈ ತೊಳೆದುಕೊಂಡು, ಬೆಳಕಾಗುವವರೆಗೆ ಮಂಚದ ಮೇಲೆ ಕುಳಿತೇ ಇದ್ದೆ.

ಬೆಳಿಗ್ಗೆ ಮೊಮ್ಮಗ ನಗುನಗುತ್ತಾ ಎಲ್ಲ ಒಪ್ಪಿಕೊಂಡ. ಅವನಿಗೆ ಹನ್ನೊಂದು ವರ್ಷ. "ಅಜ್ಜ, ಅದು ನನ್ನ ಪಾಪ್‌ಕಾರ್ನ್‌ನ ಊಟ. ನೀನು ಹೆದರ್ತೀಯ ಅಂತ ಅಮ್ಮ ಹೇಳಬೇಡ ಅಂದಿದ್ಲು" ಎಂದ. ಪಾಪ್‌ಕಾರ್ನ್ ಅಂದರೆ ಅವನ ಹುಟ್ಟುಹಬ್ಬಕ್ಕೆ ಮನೆಗೆ ಬಂದ ಹಾವಿನ ಮರಿ.

ಜೋಳದ ಹಾವು

ಅವನ ಕೋಣೆಯ ಕಿಟಕಿಯ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತು. ಒಳಗೆ ಮರದ ಹೊಟ್ಟು, ಒಂದು ಬೋಗುಣಿಯಲ್ಲಿ ನೀರು, ಅಡಗಿಕೊಳ್ಳಲು ಎರಡು ಸಣ್ಣ ಗೂಡು. ಬಹಳ ಹೊತ್ತು ಹುಡುಕಿದ ಮೇಲೆ ಕಂಡಿತು. ಪೆನ್ಸಿಲಿಗಿಂತ ತೆಳ್ಳಗೆ, ಒಂದು ಅಡಿಗಿಂತ ಗಿಡ್ಡ, ಬೂದು ಮೈ ಮೇಲೆ ಕಂದುಗೆಂಪು ಮಚ್ಚೆಗಳು.

ಇಂಗ್ಲಿಷಿನಲ್ಲಿ ಇದಕ್ಕೆ ಕಾರ್ನ್ ಸ್ನೇಕ್ ಎನ್ನುತ್ತಾರೆ. ಅಮೆರಿಕದ ಆಗ್ನೇಯ ಭಾಗದ ರಾಜ್ಯಗಳು ಇದರ ತವರು. ಹೊಟ್ಟೆಯ ಮೇಲಿನ ಚೌಕಳಿ ಗುರುತು ಬಣ್ಣಬಣ್ಣದ ಮುಸುಕಿನ ಜೋಳದ ಕಾಳಿನಂತೆ ಕಾಣುವುದರಿಂದ ಈ ಹೆಸರು ಬಂತು ಎನ್ನುವವರಿದ್ದಾರೆ. ಜೋಳದ ಕಣಜಗಳಿಗೆ ಇಲಿ ಹುಡುಕಿಕೊಂಡು ಬರುತ್ತಿದ್ದುದರಿಂದ ಬಂತು ಎನ್ನುವವರೂ ಇದ್ದಾರೆ. ವಿಷವಿಲ್ಲ. ಬೇಟೆಯನ್ನು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ನಮ್ಮ ತೋಟಗಳ ಕೇರೆ ಹಾವಿನ ಹಾಗೆ ಇದೂ ಇಲಿಗಳ ಶತ್ರು, ರೈತನ ಮಿತ್ರ. ಬೆಳೆದರೆ ಮೂರರಿಂದ ಐದು ಅಡಿ ಉದ್ದವಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಬಾಳುತ್ತದೆ. ಅಲ್ಲಿ ಸಾಕುವವರು ಕಾಡಿನಿಂದ ಹಿಡಿದು ತಂದದ್ದನ್ನು ಕೊಳ್ಳಬಾರದು, ಸಾಕಣೆಯಲ್ಲೇ ಮೊಟ್ಟೆಯೊಡೆದ ಮರಿಯನ್ನೇ ಕೊಳ್ಳಬೇಕು ಎನ್ನುವುದು ಒಳ್ಳೆಯ ರೂಢಿ. ನನ್ನ ಮೊಮ್ಮಗನ ಮರಿಯೂ ಹಾಗೆ ಬಂದದ್ದು.

ಪಾಪ್‌ಕಾರ್ನ್ ಎಂಬ ಹೆಸರು ನನ್ನ ಬಾಯಿಗೆ ಒಗ್ಗಲಿಲ್ಲ. ನಾನು ಅದನ್ನು ಜೋಳಪ್ಪ ಎಂದೆ. ಎರಡು ದಿನದಲ್ಲಿ ಮನೆಯವರೆಲ್ಲರ ಬಾಯಲ್ಲೂ ಜೋಳಪ್ಪನೇ ಆದ.

ಎಲ್ಲರೂ ಎಂದೆನಲ್ಲ, ಒಬ್ಬರನ್ನು ಬಿಟ್ಟು. ನನ್ನ ಹೆಂಡತಿ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. "ಹುಟ್ಟಿದಾಗಿನಿಂದ ಮೊಟ್ಟೆ ಸಹ ಮುಟ್ಟದ ಮನೆ ನಮ್ಮದು. ಇಲ್ಲಿ ಇಲಿಮರಿ ತಂದು ಇಟ್ಟಿದ್ದಾರಲ್ಲ ರೀ! ಪಾಪ, ಅದಕ್ಕೂ ಒಬ್ಬ ತಾಯಿ ಇರಲಿಲ್ಲವೇ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮೊಮ್ಮಗ ಹೇಳಿದ: "ಅಜ್ಜಿ, ಹಾವಿಗೆ ಅನ್ನ ಸಾರು ಹಾಕಿದರೆ ಅದು ಸತ್ತು ಹೋಗುತ್ತೆ. ಅದರ ಹೊಟ್ಟೆ ಇರೋದೇ ಹಾಗೆ."

ಅದು ನಿಜ. ಹಾವುಗಳೆಲ್ಲ ಮಾಂಸಾಹಾರಿಗಳೇ. ಹುಲ್ಲು ತಿನ್ನುವ ಹಾವು, ಹಣ್ಣು ತಿನ್ನುವ ಹಾವು ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ನಮ್ಮ ತೋಟದಲ್ಲಿ ಕೇರೆ ಹಾವು ಇಲಿ ಹಿಡಿದಾಗ ನಾವು ಸಂತೋಷಪಡುತ್ತಿದ್ದೆವು. ಐಸ್ ಖಾನೆಯಲ್ಲಿ ಕಂಡಾಗ ಮಾತ್ರ ಅಯ್ಯೋ ಎನಿಸಿತು.

ಒಪ್ಪಂದ ಮತ್ತು ಲೆಡ್ಜರ್

ಹಾವು ಬೇಕೆಂದು ಮೊಮ್ಮಗ ಒಂದು ವರ್ಷ ಹಟ ಹಿಡಿದಿದ್ದನಂತೆ. ಮಗಳು ಕೊನೆಗೆ ಒಂದು ಕಾಗದದ ಮೇಲೆ ಒಪ್ಪಂದ ಬರೆಸಿಕೊಂಡು ಒಪ್ಪಿದ್ದಳು. ಊಟ ಹಾಕುವುದು, ನೀರು ಬದಲಿಸುವುದು, ಪೆಟ್ಟಿಗೆ ಸ್ವಚ್ಛ ಮಾಡುವುದು, ದಿನವೂ ಲೆಕ್ಕ ಬರೆಯುವುದು, ಎಲ್ಲ ಅವನದೇ. ಹಾವು ಸೊರಗಿದರೆ ತಂದಲ್ಲಿಗೇ ವಾಪಸ್ಸು.

ಲೆಕ್ಕ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅವನ ನೋಟ್‌ಬುಕ್ ತರಿಸಿ ನೋಡಿದೆ. ತಾರೀಕು, ತೂಕ, ಪೆಟ್ಟಿಗೆಯ ಶಾಖ, ಊಟ ಎಂದು ನಾಲ್ಕು ಕಲಮು. ಅಕ್ಷರ ಚೆನ್ನಾಗಿತ್ತು. ಆದರೆ ಊಟದ ಕಲಮಿನಲ್ಲಿ ಎರಡು ಕಡೆಯೂ ಒಂದೇ ಮಾತು: ತಿನ್ನಲಿಲ್ಲ.

ಹಾವಿನ ಮರಿಗೆ ಊಟ ಹಾಕುವ ವಿಧಾನವನ್ನು ಅವನೇ ನನಗೆ ಪಾಠ ಮಾಡಿದ. ಇಷ್ಟು ಸಣ್ಣ ಮರಿಗೆ ಐದರಿಂದ ಏಳು ದಿನಕ್ಕೆ ಒಂದು ಪಿಂಕಿ. ಪಿಂಕಿ ಎಂದರೆ ಆಗ ತಾನೇ ಹುಟ್ಟಿದ, ಕೂದಲಿಲ್ಲದ ಇಲಿಮರಿ. ಹಾವಿನ ಮೈಯ ಅತಿ ದಪ್ಪ ಭಾಗ ಎಷ್ಟಿದೆಯೋ ಅಷ್ಟೇ ದಪ್ಪ, ಅಥವಾ ಅದರ ಒಂದೂವರೆ ಪಾಲು, ಅದಕ್ಕಿಂತ ದೊಡ್ಡದು ಕೂಡದು. ಹಾವು ಬೆಳೆದಂತೆ ಇಲಿಯ ಗಾತ್ರ ಹೆಚ್ಚುತ್ತದೆ, ಊಟದ ಅಂತರವೂ ಹೆಚ್ಚುತ್ತದೆ. ದೊಡ್ಡ ಹಾವಿಗೆ ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಸಾಕು. ಇಲಿಯನ್ನು ಇಡಿಯಾಗಿ ನುಂಗುವುದರಿಂದ ಮಾಂಸ, ಮೂಳೆ, ಸುಣ್ಣದ ಅಂಶ ಎಲ್ಲವೂ ಒಟ್ಟಿಗೆ ಸಿಗುತ್ತವೆ.

ಜೀವಂತ ಇಲಿ ಏಕೆ ಹಾಕುವುದಿಲ್ಲ ಎಂದು ಕೇಳಿದೆ. ಬೆಳೆದ ಇಲಿ ತಿರುಗಿ ಹಾವನ್ನೇ ಕಚ್ಚಿ ಗಾಯ ಮಾಡಬಹುದು. ಆದ್ದರಿಂದ ಮೊದಲಿನಿಂದಲೇ ಸತ್ತದ್ದನ್ನು ತಿನ್ನುವ ಅಭ್ಯಾಸ ಒಳ್ಳೆಯದು ಎಂದ. ಐಸ್ ಖಾನೆಯಿಂದ ತೆಗೆದದ್ದನ್ನು ಕೆಳಗಿನ ಖಾನೆಯಲ್ಲಿಟ್ಟು ಮೆತ್ತಗಾಗಲು ಬಿಡಬೇಕು, ಆಮೇಲೆ ಚೀಲದ ಸಮೇತ ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗಾಗಿಸಬೇಕು. ಮೈಕ್ರೋವೇವ್ ಒಲೆ ಉಪಯೋಗಿಸಬಾರದು. ಉದ್ದನೆಯ ಚಿಮಟದಲ್ಲಿ ಹಿಡಿದು ಹಾವಿನ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು. ಬೆರಳಿನಲ್ಲಿ ಹಿಡಿದರೆ ಬೆರಳನ್ನೇ ಊಟ ಎಂದುಕೊಂಡೀತು. ತಿಂದ ಮೇಲೆ ಎರಡು ದಿನ ಅದನ್ನು ಎತ್ತಬಾರದು, ಎತ್ತಿದರೆ ವಾಂತಿ ಮಾಡುತ್ತದೆ. ಇಷ್ಟಕ್ಕೂ ಬಳಸುವ ಪಾತ್ರೆ, ಚಿಮಟ, ತಕ್ಕಡಿ ಎಲ್ಲ ಬೇರೆಯೇ. ಅಡುಗೆ ಮನೆಯದು ಒಂದೂ ಇಲ್ಲ. ಹಾವು, ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ, ನನ್ನಂಥ ವಯಸ್ಸಾದವರಿಗೆ ಅದರಿಂದ ಕಾಯಿಲೆ ಬರುವ ಭಯ ಹೆಚ್ಚು. ಆದ್ದರಿಂದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಲೇಬೇಕು.

ಇಷ್ಟೆಲ್ಲ ತಿಳಿದ ಹುಡುಗ. ಆದರೂ ಜೋಳಪ್ಪ ಬಾಯಿ ತೆರೆಯಲಿಲ್ಲ. ನಾವು ಬಂದ ಮೇಲಿನ ಮೊದಲ ಶನಿವಾರ ನನ್ನೆದುರಿಗೇ ಪಿಂಕಿ ಹಿಡಿದ. ಜೋಳಪ್ಪ ಸೀಳು ನಾಲಿಗೆ ಹೊರಚಾಚಿ ಎರಡು ಸಲ ವಾಸನೆ ನೋಡಿದ. ಹಾವು ನಾಲಿಗೆಯಿಂದ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಹಿಡಿದು, ಬಾಯಿಯ ಮೇಲ್ಭಾಗದಲ್ಲಿರುವ ಒಂದು ವಿಶೇಷ ಅಂಗಕ್ಕೆ ಮುಟ್ಟಿಸಿ ತಿಳಿದುಕೊಳ್ಳುತ್ತದೆ. ತಿಳಿದುಕೊಂಡ ಮೇಲೆ ಜೋಳಪ್ಪ ಮುಖ ತಿರುಗಿಸಿ ಗೂಡಿನೊಳಗೆ ಹೋದ. ಮುಂದಿನ ವಾರವೂ ಅದೇ. ಮನೆಗೆ ಬಂದಾಗ 8 ಗ್ರಾಂ ಇದ್ದ ತೂಕ 7 ಗ್ರಾಮಿಗೆ ಇಳಿಯಿತು. ಒಂದು ಗ್ರಾಂ ತಾನೇ ಎನ್ನಬೇಡಿ. ಎಂಟರಲ್ಲಿ ಒಂದು ಪಾಲು ಹೋಯಿತು.

ಹುಡುಗನೂ ರಾತ್ರಿ ಊಟಕ್ಕೆ ಕುಳಿತು ತಟ್ಟೆಯಲ್ಲಿ ಬೆರಳಾಡಿಸಿ ಏಳತೊಡಗಿದ. ಮಗಳು ಏನೂ ಹೇಳಲಿಲ್ಲ. ಆದರೆ ಆ ಒಪ್ಪಂದದ ಕಾಗದ ಫ್ರಿಜ್ಜಿನ ಬಾಗಿಲ ಮೇಲೆಯೇ ಇತ್ತು.

ಗಾಜಿನ ಬಾಟಲಿಯ ಕಥೆ

ಒಂದು ಸಂಜೆ ಮೊಮ್ಮಗ ಮೆಲ್ಲನೆ ನನ್ನ ಬಳಿ ಬಂದ. "ಅಜ್ಜ, ನೀನು ಅದರ ತಲೆ ಹಿಡಿದುಕೋ. ನಾನು ಬಾಯಿ ತೆಗೆದು ಒಳಗೆ ತುರುಕ್ತೀನಿ. ಕೆಲವರು ಹಾಗೇ ಮಾಡ್ತಾರಂತೆ" ಎಂದ.

ನನ್ನ ಕೈ ನಡುಗಿತು. ಹಾವಿನ ಹೆದರಿಕೆಯಿಂದ ನಡುಗಿದ್ದಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದ ಒಂದು ಸಂಗತಿಯನ್ನು ಆವತ್ತು ಅವನಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

1960ರ ಮಳೆಗಾಲ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿ. ನನಗೆ ಆಗ ಒಂಬತ್ತು ವರ್ಷ. ನಾಗರ ಪಂಚಮಿಯ ದಿನ ಅಮ್ಮನ ಜೊತೆ ನಾಗಬನಕ್ಕೆ ಹೋಗಿ ಕಲ್ಲಿಗೆ ಹಾಲೆರೆದು ಬರುವಾಗ ಗದ್ದೆಯ ಬದುವಿನಲ್ಲಿ ಒಂದು ಪುಟ್ಟ ಹಾವಿನ ಮರಿ ಕಂಡೆ. ನೀರೊಳ್ಳೆ ಹಾವಿನ ಮರಿ, ವಿಷವಿಲ್ಲದ್ದು. ಅಮ್ಮ ಮುಂದೆ ಹೋದ ಮೇಲೆ ಅದನ್ನು ಹಿಡಿದು, ಅಟ್ಟದ ಮೇಲಿದ್ದ ಖಾಲಿ ಗಾಜಿನ ಬಾಟಲಿಯೊಳಗೆ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ ಇಟ್ಟುಕೊಂಡೆ. ಕಲ್ಲಿನ ನಾಗಪ್ಪನಿಗೇ ಹಾಲು ಕೊಡುತ್ತಾರೆ, ನಿಜವಾದ ಹಾವಿಗೆ ಕೊಡಬೇಡವೇ? ಬಟ್ಟಲಿನಲ್ಲಿಟ್ಟ ಹಾಲನ್ನು ಅದು ಕುಡಿಯಲಿಲ್ಲ. ಆಗ ಪೆನ್ನಿಗೆ ಮಸಿ ತುಂಬುವ ಫಿಲ್ಲರನ್ನು ತೊಳೆದು, ಮರಿಯ ಬಾಯಿ ಬಿಡಿಸಿ, ಹನಿ ಹನಿಯಾಗಿ ಹಾಲು ಬಿಟ್ಟೆ. ದಿನಕ್ಕೆ ಮೂರು ಸಲ. ಪ್ರೀತಿಯಿಂದಲೇ ಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಅದು ಬಾಟಲಿಯ ತಳದಲ್ಲಿ ಹೊಟ್ಟೆ ಮೇಲಾಗಿ ಬಿದ್ದಿತ್ತು. ಅಡಿಕೆ ಮರದ ಬುಡದಲ್ಲಿ ಹೂಳಿ, ಬಾಟಲಿಯನ್ನು ತೊಳೆದು ಅಟ್ಟದ ಮೇಲಿಟ್ಟೆ. ನಾಗದೋಷ ಬರುತ್ತದೆಂಬ ಭಯದಿಂದ ಅಮ್ಮನಿಗೂ ಹೇಳಲಿಲ್ಲ.

ಎಷ್ಟೋ ವರ್ಷದ ಮೇಲೆ ಹಾವುಗಳ ಬಗ್ಗೆ ಓದುವಾಗ ನಾನು ಮಾಡಿದ್ದೇನು ಎಂದು ತಿಳಿಯಿತು. ಹಾವು ಮೊಲೆಯುಣ್ಣುವ ಪ್ರಾಣಿಯಲ್ಲ. ಮರಿಗೆ ತಾಯಿ ಹಾಲು ಕೊಡುವುದಿಲ್ಲ. ಹಾಲು ಹಾವಿನ ಆಹಾರವೇ ಅಲ್ಲ; ಅದರ ಹೊಟ್ಟೆಗೆ ಅದು ಜೀರ್ಣವೂ ಆಗುವುದಿಲ್ಲ. ಇನ್ನೊಂದು ವಿಷಯ. ಹಾವಿನ ಉಸಿರುಕೊಳವೆಯ ಬಾಯಿ ಅದರ ಕೆಳದವಡೆಯ ಮೇಲೆ, ಮುಂಭಾಗದಲ್ಲೇ ಇರುತ್ತದೆ. ದೊಡ್ಡ ಬೇಟೆ ನುಂಗುವಾಗ ಉಸಿರು ಕಟ್ಟದಿರಲಿ ಎಂದು ಆ ಕೊಳವೆಯನ್ನು ಅದು ಮುಂದಕ್ಕೆ ಚಾಚಿಕೊಳ್ಳುತ್ತದೆ. ಅಂಥ ಬಾಯಿಗೆ ಹಾಲು ಬಿಟ್ಟರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕ್ಕೆ ಹೋಗಬಹುದು. ಹಿಂದೆ ಹಾವಾಡಿಗರ ಹಾವು ಹಾಲು ಕುಡಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ದಿನಗಟ್ಟಲೆ ನೀರು ಕೊಡದೆ ಇಟ್ಟ ಪ್ರಾಣಿ ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿಯುತ್ತದೆ. ಅದು ಬಾಯಾರಿಕೆ, ಭಕ್ತಿ ಅಲ್ಲ.

ನೀರೊಳ್ಳೆಯ ಮರಿಗೆ ಬೇಕಾದದ್ದು ಗೊದಮೊಟ್ಟೆ, ಸಣ್ಣ ಕಪ್ಪೆ, ಸಣ್ಣ ಮೀನು. ನಾನು ಅದನ್ನು ಹಿಡಿದ ಗದ್ದೆಯ ನೀರಿನಲ್ಲಿ ಗೊದಮೊಟ್ಟೆಗಳು ಗಿಜಿಗುಟ್ಟುತ್ತಿದ್ದವು. ಊಟದ ಮಧ್ಯದಿಂದ ಎತ್ತಿ ತಂದು ಉಪವಾಸ ಕೆಡವಿದ್ದೆ.

ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ತುರುಕೋದು ಬೇಡ ಅಜ್ಜ. ಯಾಕೆ ತಿಂತಿಲ್ಲ ಅಂತ ಹುಡುಕೋಣ" ಎಂದ.

ತಾಳೆಯಾಗದ ಲೆಕ್ಕ

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ ಒಂದು ರೂಪಾಯಿಯದಾದರೂ ಸರಿ, ಮೊದಲ ಚೀಟಿಯಿಂದ ಮತ್ತೆ ನೋಡಬೇಕು. ನಾವಿಬ್ಬರೂ ಹಾಗೆಯೇ ನೋಟ್‌ಬುಕ್ ಹಿಡಿದು ಕುಳಿತೆವು.

ಮೊದಲ ತಪ್ಪು ಮೊದಲ ಸಾಲಿನಲ್ಲೇ ಸಿಕ್ಕಿತು. ಹಾವು ಮನೆಗೆ ಬಂದ ಎರಡನೆಯ ದಿನವೇ ಊಟ ಹಾಕಿದ್ದ. ಹೊಸ ಜಾಗಕ್ಕೆ ಬಂದ ಮರಿಯನ್ನು ಐದಾರು ದಿನ, ಒಂದು ವಾರ ಮುಟ್ಟದೆ ಬಿಡಬೇಕು. ಇವನೋ ಗೆಳೆಯರಿಗೆಲ್ಲ ಎತ್ತಿ ಎತ್ತಿ ತೋರಿಸಿದ್ದ.

ಎರಡನೆಯ ಸಂಗತಿ: ನಾವು ಬಂದ ಎರಡನೆಯ ವಾರ ಜೋಳಪ್ಪನ ಕಣ್ಣು ನೀಲಿ ಮಂಜು ಕವಿದಂತಾಗಿತ್ತು. ಪೊರೆ ಬಿಡುವ ಮೊದಲು ಹಾವಿನ ಕಣ್ಣು ಹೀಗಾಗುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ; ಹೆಚ್ಚಿನವು ಊಟ ಮುಟ್ಟುವುದಿಲ್ಲ. ಆ ವಾರದ "ತಿನ್ನಲಿಲ್ಲ" ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಆದರೂ ಉಳಿದ ವಾರಗಳಿಗೆ ಕಾರಣ ಸಿಗಲಿಲ್ಲ. ಆಗ ಶಾಖದ ಕಲಮು ನೋಡಿದೆ. 85, 85, 85, 85. ಪ್ರತಿ ದಿನವೂ 85 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 29 ಡಿಗ್ರಿ ಸೆಲ್ಸಿಯಸ್. ಪೆಟ್ಟಿಗೆಯ ಒಂದು ಬದಿ ಇಷ್ಟು ಬೆಚ್ಚಗಿದ್ದು, ಇನ್ನೊಂದು ಬದಿ 75 ಡಿಗ್ರಿಯಷ್ಟು ತಂಪಾಗಿರಬೇಕು. ಹಾವಿಗೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟುವುದಿಲ್ಲ. ಬೇಕಾದಾಗ ಬೆಚ್ಚಗಿನ ಕಡೆಗೆ, ಸಾಕಾದಾಗ ತಂಪಿನ ಕಡೆಗೆ ಅದೇ ಹೋಗುತ್ತದೆ. ತಿಂದದ್ದು ಅರಗಬೇಕಾದರೆ ಬೆಚ್ಚಗಿನ ಜಾಗ ಇರಲೇಬೇಕು. ಆ ದೃಷ್ಟಿಯಿಂದ 85 ಸರಿಯೇ. ಆದರೆ ಪ್ರತಿ ದಿನವೂ ಒಂದೇ ಅಂಕಿ ಬರುವ ಪುಸ್ತಕವನ್ನು ಬ್ಯಾಂಕಿನವರು ನಂಬುವುದಿಲ್ಲ.

"ಎಷ್ಟು ಗಂಟೆಗೆ ನೋಡ್ತೀಯ ಮರಿ?" ಎಂದೆ.

"ಸ್ಕೂಲಿಂದ ಬಂದ ಮೇಲೆ. ನಾಲ್ಕೂವರೆಗೆ."

ಆ ಮನೆಯಲ್ಲಿ ಬೆಳಗಿನ ಜಾವ ಮೂರಕ್ಕೆ ಎಚ್ಚರವಿರುವವನು ನಾನೊಬ್ಬನೇ ತಾನೇ? ಆ ರಾತ್ರಿ ಟಾರ್ಚ್ ಹಿಡಿದು ಮೆಲ್ಲಗೆ ಹೋಗಿ ನೋಡಿದೆ. 66 ಡಿಗ್ರಿ! ಕಿಟಕಿಯ ಗಾಜು ಐಸಿನಂತಿತ್ತು. ಪೆಟ್ಟಿಗೆಯ ಕೆಳಗಿನ ಬಿಸಿಯ ಹಾಸು ಮುಟ್ಟಿದರೆ ತಣ್ಣಗೆ. ವೈರು ಹಿಡಿದು ಹೋದೆ. ದೀಪ, ಹಾಸು ಎರಡನ್ನೂ ಒಂದೇ ಟೈಮರಿಗೆ ಸಿಕ್ಕಿಸಿದ್ದರು. ರಾತ್ರಿ ಎಂಟಕ್ಕೆ ದೀಪ ಆರಿದೊಡನೆ ಬಿಸಿಯೂ ಆರುತ್ತಿತ್ತು. ಹುಡುಗ ಪಿಂಕಿ ಹಿಡಿಯುತ್ತಿದ್ದುದು ಏಳೂವರೆಗೆ. ಹೊರಗೆ ಚಳಿಗಾಲ ಕಾಲಿಡುತ್ತಿತ್ತು. ಚಳಿ ಬಂತೆಂದರೆ ಕಾಡಿನಲ್ಲಿ ಈ ಹಾವುಗಳು ಊಟ ಬಿಟ್ಟು ಬಿಲ ಸೇರುತ್ತವೆ. ಜೋಳಪ್ಪ ಹಟ ಮಾಡುತ್ತಿರಲಿಲ್ಲ. ಅರಗಿಸಲಾಗದ ಊಟವನ್ನು ಬೇಡವೆನ್ನುತ್ತಿತ್ತು, ಅಷ್ಟೇ.

ಮರುದಿನ ಮಗಳು ಹಾವು, ಆಮೆಗಳನ್ನು ನೋಡುವ ಒಬ್ಬ ಪಶುವೈದ್ಯೆಯ ಬಳಿ ಕರೆದುಕೊಂಡು ಹೋದಳು. ಆಕೆ ಮರಿಯನ್ನು ಪರೀಕ್ಷಿಸಿ ರೋಗವೇನೂ ಇಲ್ಲ ಎಂದರು. ನೋಟ್‌ಬುಕ್ ತೋರಿಸಿದಾಗ ಅವರ ಬೆರಳು ನನ್ನ ಅಕ್ಷರದಲ್ಲಿದ್ದ 66ರ ಮೇಲೆಯೇ ನಿಂತಿತು. ಹಾಸಿಗೆ ಟೈಮರ್ ಬೇಡ, ಶಾಖ ನೋಡಿ ತಾನೇ ಹೊತ್ತಿ ಆರುವ ಥರ್ಮೋಸ್ಟಾಟ್ ಹಾಕಿ, ಕಿಟಕಿಯಿಂದ ದೂರ ಇಡಿ ಎಂದರು. ಬಲವಂತದ ಊಟ ಕೊಟ್ಟಕೊನೆಯ ಉಪಾಯ, ಅದೂ ಪಳಗಿದವರ ಕೈಯಲ್ಲಿ ಮಾತ್ರ. ಪೊರೆ ಬಿಟ್ಟ ಮೇಲೆ, ಗಾಳಿಗೆ ತೂತಿರುವ ಒಂದು ಸಣ್ಣ ಡಬ್ಬಿಯಲ್ಲಿ ಪಿಂಕಿಯ ಜೊತೆ ಮರಿಯನ್ನು ಬಿಟ್ಟು, ಕತ್ತಲಲ್ಲಿ ರಾತ್ರಿಯಿಡೀ ಇಡಿ, ಇಣುಕಬೇಡಿ ಎಂದು ಹೇಳಿಕೊಟ್ಟರು. ಸಣ್ಣ ಮರಿಗೆ ದೊಡ್ಡ ಬಯಲು ಜಾಗ ಎಂದರೆ ಭಯ. ಕಾಡಿನಲ್ಲಿ ಅದನ್ನು ತಿನ್ನುವ ಹಕ್ಕಿ, ಪ್ರಾಣಿ ಎಷ್ಟೋ ಇರುತ್ತವೆ. ಮುಚ್ಚಿದ ಇಕ್ಕಟ್ಟಿನ ಜಾಗದಲ್ಲಿ ಅದಕ್ಕೆ ಧೈರ್ಯ.

ಮೊಸರಿನ ಡಬ್ಬಿ

ಪೆಟ್ಟಿಗೆ ಗೋಡೆಯ ಕಡೆಗೆ ಬಂತು. ಮೂರು ಬದಿಗೆ ಕಂದು ಕಾಗದ ಅಂಟಿಸಿದೆವು. ಒಂದು ವಾರ ಯಾರೂ ಮುಟ್ಟಲಿಲ್ಲ. ಜೋಳಪ್ಪ ಪೊರೆ ಬಿಟ್ಟ. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ, ಕಾಲುಚೀಲ ಕಳಚಿದಂತೆ ಬಂದಿತ್ತು. ಕಣ್ಣಿನ ಮೇಲಿನ ಪಾರದರ್ಶಕ ಪೊರೆಯೂ ಅದರಲ್ಲೇ ಇತ್ತು. ಹಾವಿಗೆ ರೆಪ್ಪೆ ಇಲ್ಲ, ನೋಡಿ.

ಇನ್ನು ಡಬ್ಬಿ ಬೇಕಲ್ಲ? ಹುಡುಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯ ಮುಖ ನೋಡಿದ. ಅವಳು ಮಾತಾಡದೆ ಸಿಂಕಿನ ಕೆಳಗಿಂದ ತೊಳೆದಿಟ್ಟಿದ್ದ ಒಂದು ಖಾಲಿ ಮೊಸರಿನ ಡಬ್ಬಿ ತೆಗೆದು ಕೊಟ್ಟಳು. "ವಾಪಸ್ಸು ತರಬೇಡ" ಎಂದಳು. ಒಂದು ನಿಮಿಷ ಬಿಟ್ಟು, "ಮುಚ್ಚಳ ಭದ್ರವಾಗಿದೆಯಾ ನೋಡಿಕೋ, ಮರಿ ಹೊರಗೆ ಬಂದುಬಿಟ್ಟೀತು" ಎಂದೂ ಸೇರಿಸಿದಳು.

ತೂತು ಮಾಡಿದ ಡಬ್ಬಿಯೊಳಗೆ ಬೆಚ್ಚಗಿನ ಪಿಂಕಿ, ಜೋಳಪ್ಪ, ಮೇಲೆ ಮುಚ್ಚಳ. ಅದನ್ನು ಪೆಟ್ಟಿಗೆಯೊಳಗೆ ಇಟ್ಟು, ದೀಪ ಆರಿಸಿ, ಬಾಗಿಲು ಎಳೆದುಕೊಂಡು ಬಂದೆವು. ಮೊಮ್ಮಗ ಆ ರಾತ್ರಿ ನಮ್ಮ ಕೋಣೆಯಲ್ಲಿ ಮಲಗಿದ. ಮೂರು ಗಂಟೆಗೆ ನನಗೆ ಎಂದಿನಂತೆ ಎಚ್ಚರವಾಯಿತು. ಇಣುಕಬೇಡಿ ಎಂದಿದ್ದರಲ್ಲ! ಸೀಲಿಂಗ್ ನೋಡುತ್ತಾ ಬಿದ್ದುಕೊಂಡೆ. ಪಕ್ಕದಿಂದ ಹೆಂಡತಿಯ ಪಿಸುಮಾತು ಕೇಳಿತು: "ರೀ, ತಿಂದಿರುತ್ತಾ?"

ಬೆಳಿಗ್ಗೆ ಆರು ಗಂಟೆಗೆ ಮೊಮ್ಮಗ ಮುಚ್ಚಳ ತೆಗೆದ. ಪಿಂಕಿ ಇರಲಿಲ್ಲ. ಜೋಳಪ್ಪ ಸುರುಳಿ ಸುತ್ತಿ ಮಲಗಿದ್ದ. ಮೈಯ ನಡುವೆ ಸಣ್ಣದೊಂದು ಉಬ್ಬು. ಕೆಳದವಡೆಯ ಎರಡು ಹೋಳುಗಳು ಮುಂದೆ ಒಂದಕ್ಕೊಂದು ಅಂಟಿಕೊಂಡಿರದೆ, ಹಿಗ್ಗುವ ಸ್ನಾಯುವಿನಂಥ ಪಟ್ಟಿಯಿಂದ ಕೂಡಿರುತ್ತವೆ. ಅದರಿಂದಲೇ ತನ್ನ ತಲೆಗಿಂತ ದಪ್ಪದ್ದನ್ನೂ ಹಾವು ಸರದಿಯಂತೆ ಎಡ, ಬಲ ಎಳೆದುಕೊಂಡು ನುಂಗಬಲ್ಲದು. ಅದನ್ನೆಲ್ಲ ಹುಡುಗ ನನಗೆ ಒಂದೇ ಉಸಿರಿನಲ್ಲಿ ವಿವರಿಸಿದ. ಆಮೇಲೆ ಅಡುಗೆಮನೆಗೆ ಓಡಿ, ಅಜ್ಜಿಯ ಸೊಂಟ ತಬ್ಬಿಕೊಂಡು ಅತ್ತುಬಿಟ್ಟ.

ಆವತ್ತು ಅವನು ನಾಲ್ಕು ದೋಸೆ ತಿಂದ. ಹಾಲು ಬೇಡವೆಂದ ಜಾತಿ ಮೊಸರಿನ ಡಬ್ಬಿಯಲ್ಲಿ ಕುಳಿತು ಉಂಡಿತಲ್ಲ ಎಂದು ನಾನೂ ನಕ್ಕೆ. ನೋಟ್‌ಬುಕ್ಕಿನಲ್ಲಿ "ತಿಂದಿತು" ಎಂದು ಬರೆಯುವ ಹಕ್ಕನ್ನು ಮೊಮ್ಮಗ ನನಗೆ ಕೊಟ್ಟ. ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಚಿಕ್ಕ ರುಜು ಹಾಕಿದೆ.

ನಮ್ಮೂರಿನ ಮಕ್ಕಳಿಗೆ

ಇದನ್ನು ಓದಿ ನಮಗೂ ಒಂದು ಹಾವಿನ ಮರಿ ಬೇಕು ಎಂದು ಯಾವ ಮಗುವೂ ಗದ್ದೆಯ ಬದುವಿಗೆ ಹೋಗಬಾರದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇಲ್ಲಿನ ಕಾಡು ಮೇಡಿನ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕಲು ಅವಕಾಶವಿಲ್ಲ. ಕಾಯ್ದೆ ಬದಿಗಿರಲಿ, ನಮ್ಮಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲದಂಥ ವಿಷದ ಹಾವುಗಳಿವೆ. ಅವುಗಳ ಮರಿಗೂ ಹುಟ್ಟಿನಿಂದಲೇ ವಿಷವಿರುತ್ತದೆ. ವಿಷವಿಲ್ಲದ ತೋಳ ಹಾವನ್ನೂ ಕಟ್ಟುಹಾವನ್ನೂ ಒಂದೇ ನೋಟದಲ್ಲಿ ಬೇರೆ ಮಾಡುವುದು ದೊಡ್ಡವರಿಗೇ ಕಷ್ಟ. ನಾನು 1960ರಲ್ಲಿ ಹಿಡಿದದ್ದು ನೀರೊಳ್ಳೆ ಆದದ್ದು ನನ್ನ ಜಾಣತನದಿಂದಲ್ಲ, ಪುಣ್ಯದಿಂದ. ಮನೆಯೊಳಗೆ ಹಾವು ಬಂದರೆ ದೂರ ನಿಂತು ಹಿರಿಯರನ್ನು ಕರೆಯಿರಿ. ಅವರು ಅರಣ್ಯ ಇಲಾಖೆಗೋ ಪಳಗಿದ ಉರಗ ರಕ್ಷಕರಿಗೋ ತಿಳಿಸಲಿ. ಕಚ್ಚಿದರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು.

ನಮ್ಮ ಹಾವುಗಳಿಗೆ ಊಟ ಹಾಕಬೇಕಾದವರು ನಾವಲ್ಲ. ಕೇರೆಗೆ ಇಲಿ, ನೀರೊಳ್ಳೆಗೆ ಕಪ್ಪೆ, ನಮ್ಮ ಆಗುಂಬೆ ಕಾಡಿನ ಕಾಳಿಂಗ ಸರ್ಪಕ್ಕೆ ಬೇರೆ ಹಾವುಗಳು. ಗದ್ದೆ, ತೋಟ, ಕಾಡು, ಬನಗಳನ್ನು ಇದ್ದ ಹಾಗೆ ಉಳಿಸಿದರೆ ಅವುಗಳ ಊಟ ಅವೇ ನೋಡಿಕೊಳ್ಳುತ್ತವೆ.

ಮಾರ್ಚ್ ತಿಂಗಳಲ್ಲಿ ನಾವು ಹೊರಡುವ ಹೊತ್ತಿಗೆ ಜೋಳಪ್ಪನ ತೂಕ 22 ಗ್ರಾಂ. ಒಪ್ಪಂದದ ಕಾಗದ ಫ್ರಿಜ್ಜಿನ ಮೇಲಿಂದ ಕೆಳಗಿಳಿದಿತ್ತು. ನನ್ನ ಹೆಂಡತಿ ಕೊನೆಯವರೆಗೂ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಆದರೆ ಶನಿವಾರ ಬಂದರೆ ಸಾಕು, ಹೊಸ್ತಿಲ ಈಚೆ ನಿಂತು, "ಉಂಡನೇ?" ಎಂದು ಕೇಳುತ್ತಿದ್ದಳು.

ಈ ಸಲದ ನಾಗರ ಪಂಚಮಿಗೆ ಎಂದಿನಂತೆ ಶಿವಮೊಗ್ಗದಲ್ಲಿ ನಮ್ಮ ಮನೆಯ ಹತ್ತಿರದ ಅಶ್ವತ್ಥಕಟ್ಟೆಗೆ ಹೋದೆವು. ಅವಳು ನಾಗರಕಲ್ಲಿಗೆ ಹಾಲೆರೆದಳು. ಪಕ್ಕದ ಮನೆಯ ಏಳು ವರ್ಷದ ಹುಡುಗ, "ಅಜ್ಜಿ, ಹಾವು ಬಂದು ಇದನ್ನು ಕುಡಿಯುತ್ತಾ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಇಲ್ಲ ಮಗಾ. ಹಾಲು ಹಾವಿಗೆ ಆಗಿಬರಲ್ಲ. ಇದು ಕಲ್ಲಿನ ನಾಗಪ್ಪನಿಗೆ, ನಮ್ಮ ಸಮಾಧಾನಕ್ಕೆ. ನಿಜವಾದ ಹಾವು ಇಲಿ ತಿನ್ನುತ್ತೆ. ಅದನ್ನ ಅದರ ಪಾಡಿಗೆ ಬಿಟ್ಟರೆ ಸಾಕು."

ಭಾನುವಾರ ಮಗಳ ಮನೆಯಿಂದ ಫೋನ್ ಬರುತ್ತದೆ. ಮೊದಲು ಫೋನ್ ಹಿಡಿಯುವವಳು ಅಜ್ಜಿ. ಮೊಮ್ಮಗ ಉಂಡನೇ, ಶಾಲೆ ಹೇಗಿದೆ, ಶೀತ ಹೋಯಿತೇ ಎಂಬುದೆಲ್ಲ ಆಮೇಲೆ. ಅವಳ ಮೊದಲ ಪ್ರಶ್ನೆ ಒಂದೇ:

"ಜೋಳಪ್ಪ ಉಂಡನೇನೋ?"